ಇಪ್ಪತ್ತೆಂಟರ ಸೈಕಲ್ಲಿಗೆ ಇಪ್ಪತ್ನಾಲ್ಕರ ಗಾಲಿ

ಕೆರೂರಿನ ಬಸ್ ನಿಲ್ದಾಣದ ಎದುರು ಚಹಾದಂಗಡಿಯವನು ಇನ್ನೂ ಒಲೆ ಹೊತ್ತಿಸುತ್ತಿದ್ದಾನೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ಅಮಸಿದ್ದಪ್ಪ ಆಗಲೇ ಸೈಕಲ್ಲೊಂದನ್ನು ತಲೆಕೆಳಗಾಗಿ ನಿಲ್ಲಿಸಿ ಗಾಲಿ ತಿರುಗಿಸುತ್ತಿದ್ದಾರೆ. ಗಾಲಿ ಓಲಾಡುವ ಕಡೆ ಸೀಮೆಸುಣ್ಣ ತಾಗಿಸಿ, ಅಲ್ಲಿನ ಕಡ್ಡಿ ಬಿಗಿಯುತ್ತಾರೆ.

ಎಪ್ಪತ್ತೊಂದರಲ್ಲಿ ಅಂಗಡಿ ಇಟ್ಟಾಗ ಅವರದು ಬರೀ ಪಂಕ್ಚರ್ ಕೆಲಸ. ಈಗ ಗಿಡ್ಡ ಆಳುಗಳು, ಮಂಡಿ ಮಡಚಲಾಗದ ಮುದುಕರು ದೂರದ ಬಾದಾಮಿ, ತುಳಸಿಗೇರಿಗಳಿಂದಲೂ ಹುಡುಕಿಕೊಂಡು ಬರುತ್ತಾರೆ. ದೊಡ್ಡ ಸೈಕಲ್ಲಿಗೆ ಸಣ್ಣ ಗಾಲಿ ಹಾಕಿ ತಗ್ಗಿಸಿಕೊಡುವುದರಲ್ಲಿ ಇವರದು ಎತ್ತಿದ ಕೈ. ಅದು ಶುರುವಾದದ್ದು ಎಂಬತ್ತಮೂರರ ಬೇಸಿಗೆಯಲ್ಲಿ, ಬಳೆ ಮಾರುವ ಜೋಹರಾಳಿಂದ.

ಗಂಡ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಊರೂರು ತಿರುಗುವ ಪಾಳಿ ಆಕೆಯದಾಯಿತು. ತವರಿನಲ್ಲಿ ಬಾಡಿಗೆ ಸೈಕಲ್ ಹೊಡೆದು ಕಲಿತವಳು. ಆದರೆ ಗಂಡನ ಇಪ್ಪತ್ತೆಂಟು ಇಂಚಿನ ಗಾಲಿಯ ಸೈಕಲ್ ಏರಿದರೆ ಕಾಲು ನೆಲ ಮುಟ್ಟದು. "ಬಿದ್ರ ನಾ ಏಳ್ತೇನ್ರೀ ಅಣ್ಣಾರ, ಬಳಿ ಏಳಂಗಿಲ್ಲ," ಎಂದಿದ್ದಳು.

ಅಮಸಿದ್ದಪ್ಪ ಇಪ್ಪತ್ನಾಲ್ಕರ ಗಾಲಿ ಜೋಡಿಸಿದರು. ಕಾಲೇನೋ ನೆಲಕ್ಕೆ ತಾಗಿತು. ಬ್ರೇಕಿನ ರಬ್ಬರು ಮಾತ್ರ ರಿಮ್ಮಿನಿಂದ ದೂರ ಉಳಿಯಿತು. ಸರಳು ಬಗ್ಗಿಸಿ, ಹೇಗೋ ತಾಗುವಂತೆ ಮಾಡಿ ಕಳಿಸಿದರು. ಬಾದಾಮಿ ದಾರಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ತಿರುವಿನಲ್ಲಿ ಪೆಡಲ್ ಕಲ್ಲಿಗೆ ಬಡಿಯಿತು. ಜೋಹರಾ ಒಡೆದ ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮೊಣಕೈಯ ರಕ್ತ ಒರೆಸಿಕೊಳ್ಳುತ್ತ ಅಂಗಡಿಗೆ ಬಂದಳು.

"ಬೈತಾಳ ಅಂದ್ಕೊಂಡಿದ್ದೆ. 'ಇನ್ನೊಮ್ಮಿ ನೋಡ್ರಿ ಅಣ್ಣಾರ' ಅಂದ್ಲು," ಎನ್ನುತ್ತಾರೆ ಅಮಸಿದ್ದಪ್ಪ. "ಗಾಲಿ ತಗ್ಗಿದ್ರ ಪೈಡಲ್ಲೂ ನೆಲಕ್ಕ ಹತ್ತಿರ ಬರ್ತೈತಿ. ಅದು ನನಗ ಹೊಳದಿರಲಿಲ್ಲ ನೋಡ್ರಿ."

ಕಂಬಾರ ಗುರಪ್ಪನ ಕುಲುಮೆಯ ಮುಂದೆ ಕುಳಿತು ಬ್ರೇಕಿನ ಸರಳು ಉದ್ದ ಮಾಡಿಸಿದರು. ಮಕ್ಕಳ ಸೈಕಲ್ಲೊಂದರಿಂದ ಪೆಡಲ್ ಸಿಕ್ಕಿಸುವ ಗಿಡ್ಡ ಕ್ರ್ಯಾಂಕ್ ತೆಗೆದು ಇದಕ್ಕೆ ಹಾಕಿದ ಮೇಲೆ ಪೆಡಲ್ ನೆಲದಿಂದ ಮೇಲಕ್ಕೆದ್ದಿತು. ಜೋಹರಾಳ ಕೈಗೆ ಕೊಡುವ ಮೊದಲು, ಹಿಂದೆ ಮಣ್ಣಿನ ಗಡಿಗೆ ಕಟ್ಟಿಕೊಂಡು ಅದೇ ಇಳಿಜಾರನ್ನು ತಾವೇ ಇಳಿದರು. ದಾರಿಯ ಮಂದಿ ನಕ್ಕರು. ಗಡಿಗೆ ಒಡೆಯಲಿಲ್ಲ.

ಈಗಲೂ ಜೋಹರಾ ಸಂತೆಗೆ ಹೊರಟಾಗಲೆಲ್ಲ ಇಲ್ಲಿ ಗಾಳಿ ಹಾಕಿಸಿಕೊಂಡೇ ಮುಂದೆ ಹೋಗುತ್ತಾಳೆ. ಅಮಸಿದ್ದಪ್ಪನವರಿಗೆ ಹೆಂಡತಿಯ ವಿಷಯದಲ್ಲಿ ಒಂದು ಆಸೆ ಉಳಿದಿದೆ. "ನಮ್ಮ ಮನ್ಯಾಕಿ ಮರೆವ್ವಗ ಸೈಕಲ್ ಕಲಿಸಬೇಕ್ರಿ. ಆಕಿ ಜೋಹರಾಗಿಂತ ಗಿಡ್ಡ. ಇಪ್ಪತ್ತೆರಡರ ಗಾಲಿ ತಂದಿಟ್ಟೇನಿ," ಎಂದು ದನಿ ತಗ್ಗಿಸುತ್ತಾರೆ. "ಆಕಿ ಹೂಂ ಅನ್ನೂದೊಂದು ಬಾಕಿ ಐತಿ."