ಮಂಟಯ್ಯ ನಿಲ್ಲಿಸಿದ ಒನಕೆ

ನಮ್ಮ ಮಂಟಯ್ಯನಿಗೆ ಸರ್ಕಾರ ಕೊಟ್ಟಿದ್ದ ಕೆಲಸ ಊರೂರಿಗೆ ಹೋಗಿ ಒನಕೆ ನಿಲ್ಲಿಸುವುದು. ನಂಬದಿದ್ದರೆ ಬಿಡಿ, ಆ ವಿಜ್ಞಾನ ಪ್ರಚಾರದ ಜೀಪು ಓಡಿಸುತ್ತಿದ್ದವನೇ ನಾನು.

ಗ್ರಹಣ ಹಿಡಿದಾಗ ಮಾತ್ರ ತಟ್ಟೆಯ ನೀರಿನಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಕೂಡಲೇ ಬೀಳುತ್ತದೆ ಎಂಬುದು ಕೆ.ಆರ್. ನಗರದ ಸುತ್ತಲಿನ ಹಳ್ಳಿಗಳ ನಂಬಿಕೆ. ಮಂಟಯ್ಯ ಗ್ರಹಣವಿಲ್ಲದ ಯಾವುದೋ ಬುಧವಾರ ಮಟಮಟ ಮಧ್ಯಾಹ್ನ ಆಯಾ ಊರಿನವರದೇ ಒನಕೆ, ಅವರದೇ ತಟ್ಟೆ ಇಸಕೊಂಡು, ಅಂಗೈಯಲ್ಲಿ ಆಡಿಸಿ ತೂಕ ಹಿಡಿದು ಕೈ ಬಿಡುತ್ತಿದ್ದ. ಒನಕೆ ನಿಂತೇ ಇರುತ್ತಿತ್ತು. "ತಳ ಮಟ್ಟಸವಾಗಿದ್ರೆ ಯಾವತ್ತಾದ್ರೂ ನಿಲ್ತದೆ ಕಣ್ರವ್ವಾ. ಗ್ರಾಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಸ್ರೀರನ್ನ ಕತ್ತಲೇಲಿ ಉಪವಾಸ ಕೂಡಾಕ್ಬ್ಯಾಡಿ" ಎನ್ನುತ್ತಿದ್ದ. ಹೆಂಗಸರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಊರೆಲ್ಲ ಗೆದ್ದವನು ಹೊಸ ಅಗ್ರಹಾರದ ತನ್ನ ಮನೆಯಲ್ಲೇ ಸೋತಿದ್ದ. ತೊಂಬತ್ತೈದರ ದೀಪಾವಳಿಗೆ ಸೂರ್ಯಗ್ರಹಣವೆಂದು ಎಲ್ಲೆಲ್ಲೂ ಗುಲ್ಲೆದ್ದಿತ್ತು. ಮಗಳು ಪ್ರಮೀಳಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳನ್ನು ಕೂಡಿಹಾಕಲೆಂದು ಹೆಂಡತಿ ಬೀರಮ್ಮ ಹೊಗೆಸೊಪ್ಪು ಒಟ್ಟಿದ್ದ, ಕಿಟಕಿಯಿಲ್ಲದ ಕೋಣೆಯನ್ನು ಆಗಲೇ ಗುಡಿಸಿಟ್ಟಿದ್ದಳು. ಆ ಘಾಟಿಗೆ ಬಾಗಿಲ ಬಳಿ ನಿಂತರೇ ಪ್ರಮೀಳಾಗೆ ವಾಂತಿ.

ಮಂಟಯ್ಯ ಗೋಗರೆದ. ಬೀರಮ್ಮ ಕೊನೆಗೆ, "ಬ್ಯಾರೆ ಊರಲ್ಲಿ ನೀನು ಅದೇನ್ ಕಣ್ಕಟ್ಟು ಮಾಡ್ತೀಯೋ ನಂಗೊತ್ತಿಲ್ಲ. ನಮ್ಮನೆ ಒನಕೇನ ನನ್ನ ಕಣ್ಣೆದುರಿಗೆ ನಿಲ್ಸು. ನಿಂತ್ರೆ ಮಗ್ಳನ್ನ ಕೂಡಾಕಲ್ಲ" ಎಂದಳು. ಅಷ್ಟು ಸಾಕಿತ್ತು ಅವನಿಗೆ. ಮಗಳ ತಲೆ ಸವರಿ ಹೊಸ ಅಗ್ರಹಾರದಲ್ಲೇ ಕಾರ್ಯಕ್ರಮ ಗೊತ್ತು ಮಾಡಿಸಿದ.

ಅಷ್ಟರಲ್ಲಿ ನಮ್ಮ ವಿಜ್ಞಾನ ಪ್ರಚಾರ ಸಮಿತಿಗೆ ಹೊಸ ಅಧ್ಯಕ್ಷರು ಬಂದರು, ನೀಲಕಂಠಸ್ವಾಮಿಯವರು. ವಿಜ್ಞಾನಕ್ಕೂ ಅವರಿಗೂ ಇದ್ದ ನಂಟು ಇಷ್ಟೇ: ಪಕ್ಷದ ಟಿಕೆಟ್ ಸಿಗದೆ ಮುನಿಸಿಕೊಂಡವರಿಗೆ ಯಾವುದಾದರೂ ಒಂದು ಕುರ್ಚಿ ಕೊಡಬೇಕಿತ್ತು. ಪ್ರತಿ ಗ್ರಹಣಕ್ಕೂ ಅವರ ತಾಯಿ ಅಂಗಳದಲ್ಲಿ ಒನಕೆ ನಿಲ್ಲಿಸುತ್ತಿದ್ದರು. ನೋಡಲು ಜನ ಸೇರುತ್ತಿದ್ದರು, ಸೇರಿದವರಿಗೆ ಅಧ್ಯಕ್ಷರು ಕೈ ಮುಗಿಯುತ್ತಿದ್ದರು. ಇಂಥ ಒನಕೆ ಕಂಡಕಂಡ ಬುಧವಾರ ನಿಂತರೆ ಮನೆತನದ ಮರ್ಯಾದೆ ಏನಾಗಬೇಕು?

ಸಮಿತಿಯ ಅಧಿಕಾರಿ ಮಹದೇವಯ್ಯನವರು ಮಂಟಯ್ಯನನ್ನು ಕರೆಸಿದರು. "ನಾಳೆ ಅಧ್ಯಕ್ಷರೇ ಉದ್ಘಾಟನೆಗೆ ಬರ್ತಾರೆ. ಒನಕೆ ಬೀಳಬೇಕು ಕಣಯ್ಯ."

"ಬಿದ್ರೆ ವಿಜ್ಞಾನ ಎಲ್ಲಿ ಬಂತು ಸಾ?"

"ಬೀಳೋದೂ ವಿಜ್ಞಾನವೇ. ಗುರುತ್ವಾಕರ್ಷಣೆ ಅಂತ ಹೇಳು. ನಿಲ್ಲಿಸಿದರೆ ಕೆಲಸ ಹೋಯ್ತು ಅಂದ್ಕೋ."

ಮಾರನೆಯ ದಿನ ಶಾಲೆಯ ಮುಂದೆ ಜನವೋ ಜನ. ದೀಪ ಹಚ್ಚುವ ಬದಲು ಅಧ್ಯಕ್ಷರು ಬೀರಮ್ಮನ ಒನಕೆಗೇ ಅರಿಶಿನದ ನೀರು ಚಿಮುಕಿಸಿ, ಕೈಯಿಂದ ಸವರಿ ಉದ್ಘಾಟನೆ ಮಾಡಿದರು. ಮಂಟಯ್ಯ ಒನಕೆ ಹಿಡಿದ. ಮುಂದಿನ ಸಾಲಿನಲ್ಲಿ ಬೀರಮ್ಮ, ಅವಳ ಪಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ ಪ್ರಮೀಳಾ. ಮಹದೇವಯ್ಯನವರು ವೇದಿಕೆಯ ಮೂಲೆಯಿಂದ ಬೀಳಿಸು, ಬೀಳಿಸು ಎಂದು ಕಣ್ಣಲ್ಲೇ ಬೇಡುತ್ತಿದ್ದರು. ಮಂಟಯ್ಯ ಮಗಳ ಮುಖ ನೋಡಿದ. ಕೈ ಬಿಟ್ಟ. ಒನಕೆ ಅಲುಗದೆ ನಿಂತಿತು. ಭೇಷ್ ಮಂಟಯ್ಯ ಅಂದುಕೊಂಡೆ, ನನಗೆ ಕಣ್ಣಲ್ಲಿ ನೀರೇ ಬಂತು.

ರಾಜಕಾರಣಿ ಅಂದರೆ ಸುಮ್ಮನೆಯೇ? ಅಧ್ಯಕ್ಷರು ಎದ್ದು ಮೈಕು ಕಿತ್ತುಕೊಂಡರು. "ನೋಡಿ ಬಂಧುಗಳೇ! ಗ್ರಹಣವೇ ಇಲ್ಲ, ಆದರೂ ನಿಂತಿದೆ! ನಾನು ಮುಟ್ಟಿದ್ದಷ್ಟೇ. ಎಲ್ಲ ನಮ್ಮ ತಾಯಿಯ ಆಶೀರ್ವಾದ!" ಹಿಂಬಾಲಕರು ಜೈಕಾರ ಹಾಕಿದರು, ಒನಕೆಗೆ ಹಾರ ಬಿತ್ತು. ಮಂಟಯ್ಯ "ತಳ ಮಟ್ಟಸವಾಗಿದ್ರೆ..." ಎಂದು ಕೂಗುತ್ತಲೇ ಇದ್ದ. ಮೈಕಿಲ್ಲದವನ ಮಾತು ಯಾರಿಗೆ ಕೇಳಬೇಕು? ಅವನ ಕೆಲಸ ಮಾತ್ರ ಉಳಿಯಿತು, ಅಧ್ಯಕ್ಷರಿಗೆ ಅಷ್ಟು ಖುಷಿಯಾಗಿತ್ತು.

ಮನೆಗೆ ಬರುತ್ತಲೇ ಬೀರಮ್ಮ ಕೋಣೆಯ ಬಾಗಿಲು ತೆರೆದಳು. "ನಿಂತಿದ್ದು ದಿಟ ಕಣ, ಇಲ್ಲ ಅನ್ನಲ್ಲ. ಗ್ರಾಣ ಇಲ್ದಲೇ ಆವಯ್ಯ ಮುಟ್ಟಿದ್ಕೇ ನಿಂತದೆ ಅಂದ್ರೆ, ಆವಯ್ಯನ ಮೈಯಲ್ಲೇ ಗ್ರಾಣ ಅದೆ. ಬಸ್ರಿ ಮ್ಯಾಲೆ ಅವನ ನೆಳ್ಳೂ ಬೀಳ್ಬಾರ್ದು. ನಡಿಯವ್ವ ಒಳೀಕೆ."

ದೀಪಾವಳಿಯ ಗ್ರಹಣಕ್ಕಂತೂ ಕೂಡಿಹಾಕಿದಳು, ಅಲ್ಲಿಗೇ ಮುಗಿಯಲಿಲ್ಲ. ಒನಕೆಯಿಂದ ಹೆಸರು ಬಂದ ಅಧ್ಯಕ್ಷರು ಚುಂಚನಕಟ್ಟೆ ಕಡೆಗೆಲ್ಲ ಓಡಾಡತೊಡಗಿದರು. ಹೊಸ ಅಗ್ರಹಾರದಲ್ಲಿ ಅವರ ಕಾರಿನ ಹಾರ್ನ್ ಕೇಳಿದಾಗಲೆಲ್ಲ ಬೀರಮ್ಮ ಮಗಳನ್ನು ಒಳಗೆ ತಳ್ಳಿ ಚಿಲಕ ಹಾಕುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ರೇಗುವುದೆಂದೇ ತಿಳಿಯುತ್ತಿರಲಿಲ್ಲ. ಮಂಟಯ್ಯ ಚಿಲಕ ತೆಗೆಯಲು ಹೋದರೆ ಬೀರಮ್ಮ ಬಾಗಿಲಿಗೆ ಅಡ್ಡ ಕೂರುತ್ತಿದ್ದಳು.

ಅಂಥ ಒಂದು ದಿನ ನಾನೂ ಅಲ್ಲಿದ್ದೆ. ಒಳಗೆ ವಾಂತಿಯ ಸದ್ದು ನಿಂತು ಪ್ರಮೀಳಾಳ ದನಿ ಬಂತು.

"ಅಪ್ಪಾ, ಆ ಗ್ರಾಣನಾದ್ರೂ ಪಂಚಾಂಗದಲ್ಲಿ ಹೇಳಿ ಬಂದು, ಹೇಳ್ದೊತ್ಗೆ ಬುಟ್ಟೋಯ್ತದೆ. ಇದು ಯಾವಾಗಪ್ಪ ಬುಡೋದು?"