ಎರಡನೇ ದರ್ಜೆಯ ಟಿಕೀಟು

ಬೈಲಹೊಂಗಲಕ್ಕೆ ರೈಲಿಲ್ಲ. ಆದರೂ ನಾನು ಹಳೆಯ ರೈಲು ಟಿಕೀಟು ಕೂಡಿಡುತ್ತೇನೆ, ಯಾರಪ್ಪನ ಗಂಟೇನು ಹೋಗುತ್ತದೆ? 'ಬಸ್ಸಿನ ಊರಾಗ ರೈಲ್ವೆ ಸಾಹೇಬ' ಎಂದು ಓಣಿಯವರು ಕಾಡುತ್ತಾರೆ. ಕಾಡಲಿ. ದಪ್ಪ ರಟ್ಟಿನ ಯಾವುದೇ ಹಳೇ ಟಿಕೀಟನ್ನು ನನ್ನ ಕೈಗೆ ಕೊಡಿ, ಅದು ಯಾವ ಕಾಲದ್ದೆಂದು ಹೇಳುತ್ತೇನೆ.

ಕಳೆದ ವರ್ಷ ಮುರಗೋಡದ ನಮ್ಮ ಹಳೇ ಮನೆ ರಿಪೇರಿ ಮಾಡಿಸುವಾಗ, ತೀರಿಹೋದ ಅಜ್ಜಿಯ ಹಿತ್ತಾಳೆ ಡಬ್ಬಿಯಲ್ಲಿ ಅಂಥದೊಂದು ಸಿಕ್ಕಿತು. ಧಾರವಾಡದಿಂದ ಬೆಂಗಳೂರಿಗೆ, ಎರಡನೇ ದರ್ಜೆ. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು ಅದನ್ನೇ ನೋಡಿದಳು. ದೊಡ್ಡಪ್ಪ ಮಾತ್ರ ಹಿಗ್ಗಿ ಹೀರೇಕಾಯಿ ಆದ.

"ಇದು ನಮ್ಮಪ್ಪಂದು! ಬ್ರಿಟಿಷರ ಕಾಲದಾಗ ಸೆಕೆಂಡ್ ಕ್ಲಾಸ್ ಅಂದ್ರ ಸಾಹೇಬ್ರ ಮಗ್ಗಲಕ್ಕ ಕುಂಡ್ರೋದು. ಫ್ರೇಮ್ ಹಾಕಿಸಿ ಪಡಸಾಲ್ಯಾಗ ತೂಗ ಹಾಕ್ತೇನಿ." ಆಮೇಲೆ ಅವ್ವನ ಕಡೆ ತಿರುಗಿ ನಕ್ಕ. "ಎಲ್ಲಾರೂ ನಿನ್ನಂಗ ರೈಲಿಗೆ ಅಂಜತಾರೇನವಾ?"

ನನ್ನ ಮೈಯೆಲ್ಲ ಉರಿಯಿತು. ಅವ್ವ ಹೊಸದಾಗಿ ಮದುವೆಯಾಗಿ ಬಂದಾಗ, ಮನೆಯವರೆಲ್ಲ ಬೇಡವೆಂದರೂ, ಟೆಲಿಫೋನ್ ಕಚೇರಿಯ ನೌಕರಿಯ ಸಂದರ್ಶನಕ್ಕೆ ಒಬ್ಬಳೇ ಬೆಂಗಳೂರಿಗೆ ಹೊರಟಿದ್ದಳು. ನೌಕರಿ ಸಿಗಲಿಲ್ಲ. ಇಂಜಿನ್ನಿನ ಕೂಗಿಗೆ ಅಂಜಿ ಧಾರವಾಡದಿಂದಲೇ ಓಡಿಬಂದು ರಾಮದುರ್ಗದ ತವರಿನಲ್ಲಿ ಅಡಗಿ ಕುಳಿತಳೆಂದು ದೊಡ್ಡಪ್ಪ ಕಥೆ ಕಟ್ಟಿದ. ಮದುವೆಯಿರಲಿ, ತೊಟ್ಟಿಲಿರಲಿ, ನಾಲ್ಕು ಮಂದಿ ಸೇರಿದರೆ ಅದನ್ನೇ ಹೇಳಿ ನಗಿಸುತ್ತಿದ್ದ. ತಾನು ಹೋಗಿದ್ದು ನಿಜವೆಂದು ಅವ್ವ ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಟಿಕೀಟನ್ನು ಬಿಸಿಲಿಗೆ ಹಿಡಿದೆ. ಒತ್ತಿದ ತಾರೀಖು ಸವೆದು ವರ್ಷ ಕಾಣುತ್ತಿರಲಿಲ್ಲ. ಕಾಣದಿದ್ದರೇನು!

"ದೊಡ್ಡಪ್ಪಾ, ಇದು ಅಜ್ಜಂದಲ್ರಿ. ಬ್ರಿಟಿಷರ ಕಾಲದ್ದಾಗಿದ್ರ ದರಾ ಆಣೆದಾಗ ಇರತಿತ್ತು. ಇಲ್ಲಿ ಪೈಸಾ ಐತಿ, ನೋಡ್ರಿ."

ದರ್ಜೆಯ ಲೆಕ್ಕವನ್ನೂ ಬಿಡಿಸಿ ಹೇಳಿದೆ. ಬ್ರಿಟಿಷರ ಕಾಲದಲ್ಲಿ ಒಂದನೇ, ಎರಡನೇ, ಇಂಟರ್, ಮೂರನೇ ಎಂದು ನಾಲ್ಕು ದರ್ಜೆ. ಬರಬರುತ್ತ ಕಡಿಮೆಯಾದವು. ಎಪ್ಪತ್ತರ ದಶಕದಲ್ಲಿ ಮೂರನೆಯದನ್ನೂ ತೆಗೆದರು. ತೆಗೆದರೆಂದರೆ ಏನು, ಅದೇ ಕಟ್ಟಿಗೆಯ ಬೆಂಚು, ಅದೇ ನೂಕುನುಗ್ಗಲು, ಹೆಸರು ಮಾತ್ರ ಎರಡನೇ ದರ್ಜೆ. ಈ ಟಿಕೀಟಿನ ಮೇಲೆ 'ಸಾಧಾರಣ' ಎಂದೂ ಅಚ್ಚಾಗಿತ್ತು, ಅಂದರೆ ಇದು ಆ ಹೆಸರು ಬದಲಾದ ಮೇಲಿನದು. ಅಷ್ಟೊತ್ತಿಗೆ ಅಜ್ಜ ತೀರಿಕೊಂಡಿದ್ದ. ಆ ಕಾಲಕ್ಕೆ ಈ ಮನೆಯಿಂದ ಬೆಂಗಳೂರಿಗೆ ಟಿಕೀಟು ತೆಗೆದವಳು ಒಬ್ಬಳೇ. ಎಲ್ಲರೂ ಅವ್ವನನ್ನು ನೋಡಿದರು.

ದೊಡ್ಡಪ್ಪ ಬಿಡುವ ಆಸಾಮಿಯೇ? "ಹಂಗಾರ ನಾ ಹೇಳಿದ್ದ ಖರೇ ಆತು! ಇಳದ ಮ್ಯಾಲ ಗೇಟಿನಾಗ ಟಿಕೀಟ ಇಸಗೊಂತಾರ. ಇದು ಮನ್ಯಾಗ ಉಳದೈತಿ ಅಂದ್ರ ಆಕಿ ರೈಲ ಹತ್ತೇ ಇಲ್ಲ."

ಗೇಟಿನ ಮಾತು ಸುಳ್ಳಲ್ಲ. ಅವ್ವನ ಮಾನ ಕಾಯಲು ಹೋಗಿ ನಾನೇ ಕಳೆದೆನೇ? ಟಿಕೀಟನ್ನು ಮತ್ತೆ ಕಣ್ಣಿಗೆ ಹತ್ತಿರ ಹಿಡಿದೆ. ಅಂಚಿನಲ್ಲಿ ಎರಡು ಕಚ್ಚುಗಳಿದ್ದವು.

"ಒಂದು ಧಾರವಾಡದ ಗೇಟಿನಾಗ ಕತ್ತರಿಸಿದ್ದು. ಇನ್ನೊಂದರ ಆಕಾರನ ಬ್ಯಾರೆ. ಓಡೋ ಗಾಡ್ಯಾಗ ತಪಾಸಣಿ ಮಾಡಿ ಕತ್ತರಿಸಿದ್ದು. ಹತ್ತದವರ ಟಿಕೀಟ ಗಾಡ್ಯಾಗ ಹೆಂಗ ಕತ್ತರಿಸ್ತಾರ, ಹೇಳ್ರಿ!"

ದೊಡ್ಡಪ್ಪ ಅದನ್ನು ತಿರುವಿ ತಿರುವಿ ನೋಡಿದ. ಅವ್ವ ಎದ್ದು ಬಂದು ಅವನ ಕೈಯಿಂದ ಟಿಕೀಟು ಇಸಿದುಕೊಂಡಳು.

"ರಾತ್ರೆಲ್ಲಾ ನಿಂತ ಹೋಗೇನ್ರಿ, ಭಾವಾರ. ಬೆಂಗಳೂರಾಗ ಗದ್ದಲದೊಳಗ ಟಿಕೀಟ ಕೊಡದನ ಹೊರಗ ಬಂದ್ನಿ. ಮನಿಗೆ ಬಂದ ಕೂಡಲೇ, ಸೊಸಿ ಒಬ್ಬಾಕಿನ ಹೋಗಿದ್ದು ಮಂದಿಗೆ ತಿಳೀಬಾರದಂತ ಅತ್ತಿಯವರು ಕಸಗೊಂಡ್ರು. ನೀವ್ಯಾರೂ ನಂಬೂದಿಲ್ಲ ಅಂತ ರೈಲ ಹತ್ತೂವಾಗನ ನನಗ ಗೊತ್ತಿತ್ತು. ಅದಕ್ಕ ಇಟಗೊಂಡಿದ್ನಿ."