ಚಡ್ಡಿ ಒಣಗುವ ಕಾಲ

ಅರ್ಧ ಒಣಗಿದ ಹತ್ತಿ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ಒಂದು ವಾಸನೆ ಇದೆ. ಹಬೆ, ಸಾಬೂನು, ಜೊತೆಗೆ ಸ್ವಲ್ಪ ಮುಗ್ಗಲು. ಕಳೆದ ವಾರ ಮೂರು ದಿನ ಬಿಡದೆ ಸುರಿದ ಮಳೆಯಲ್ಲಿ ಮಗನ ಚಡ್ಡಿಗಳನ್ನು ಹಾಗೆ ಒಣಗಿಸುತ್ತಿದ್ದೆ. ವಾಸನೆ ಮೂಗಿಗೆ ಬಂದದ್ದೇ, ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದೆ. ಕೆಳಗಿನ ಮನೆಯ ಬಾಯಮ್ಮ ನೆನಪಾದರು...

ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಉಳಿದವರು ಹಾಗೆ ಕರೆಯುತ್ತಾರೆ. ನಮ್ಮ ಬಾಯಮ್ಮನಿಗೂ ಒಂದು ಹೆಸರಿತ್ತು, ಗೇಟಿನ ಅಂಚೆಪೆಟ್ಟಿಗೆಯ ಮೇಲೆ ಬರೆದಿತ್ತು. ಬಲ್ಮಠದ ಆ ಓಣಿಯಲ್ಲಿ, ಅವರ ಮನೆಯ ಮಾಳಿಗೆಯಲ್ಲಿ ನಾಲ್ಕು ವರ್ಷ ಬಾಡಿಗೆಗೆ ಇದ್ದರೂ ಆ ಹೆಸರನ್ನು ನಾನು ಒಮ್ಮೆಯೂ ಹೇಳಿದವಳಲ್ಲ. ಅವರೂ ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಇಬ್ಬರಿಗೂ ಅದು ಸಾಕಾಗಿತ್ತು.

ಆಗ ನಾನು ಒಂದು ಕಾಲೇಜಿನಲ್ಲಿ ಗುತ್ತಿಗೆಯ ಮೇಲೆ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಮಗಳನ್ನು ನೋಡಿಕೊಳ್ಳಲು ಬಂದಿದ್ದ ನನ್ನ ಅಮ್ಮ, ತಂಗಿಯ ಬಾಣಂತನಕ್ಕೆಂದು ಏಪ್ರಿಲ್‌ನಲ್ಲಿ ಹೊರಟರು. ಜೂನ್‌ನಿಂದ ಮಗಳನ್ನು ಪ್ಲೇಸ್ಕೂಲಿಗೆ ಸೇರಿಸುವುದೆಂದು ನಾನೂ ಗಂಡನೂ ಮಾತಾಡಿಕೊಂಡೆವು. ಪ್ಲೇಸ್ಕೂಲಿನವರದು ಒಂದೇ ಷರತ್ತು. ಮಗು ಡೈಪರ್ ಬಿಟ್ಟಿರಬೇಕು. ಬಿಟ್ಟ ದಿನ ಕರೆತನ್ನಿ, ಅಲ್ಲಿಯವರೆಗೆ ಸೀಟು ಇಟ್ಟಿರುತ್ತೇವೆ ಎಂದರು. ಆದರೆ ಕಾಲೇಜು ನನ್ನ ಸೀಟು ಇಟ್ಟಿರುತ್ತಿರಲಿಲ್ಲ. ಜೂನ್‌ನಲ್ಲಿ ಬೇಸಿಗೆ ರಜೆ ಮುಗಿದ ಕೂಡಲೇ ಹಾಜರಾಗದಿದ್ದರೆ ಕೆಲಸ ಹೋಗುತ್ತಿತ್ತು. ಮಗಳಿಗೆ ಎರಡು ವರ್ಷ ತುಂಬಿ ಒಂದು ತಿಂಗಳಾಗಿತ್ತಷ್ಟೇ.

ಡೈಪರ್ ಬಿಡಲು ಮಗು ತಯಾರಾಗಿರುವುದಕ್ಕೆ ಐದು ಲಕ್ಷಣಗಳಿವೆ ಎಂದು ಎಲ್ಲೋ ಓದಿ ಗುರುತು ಹಾಕಿಕೊಂಡೆ. ನನ್ನ ಮಗಳಲ್ಲಿ ಮೂರು ಕಂಡವು. ಐದರಲ್ಲಿ ಮೂರು ಎಂದರೆ ಪಾಸು ಎಂದುಕೊಂಡು, ಮಕ್ಕಳು ಕಕ್ಕಕ್ಕೆ ಕೂರುವ ಹಳದಿ ಬಣ್ಣದ ಒಂದು ಪಾಟಿ ತಂದು, ನಲವತ್ತು ನಿಮಿಷಕ್ಕೊಮ್ಮೆ ಅವಳನ್ನು ಕೂರಿಸತೊಡಗಿದೆ. ನೋಟ್‌ಬುಕ್ಕಿನಲ್ಲಿ ಸಮಯ ಬರೆಯುತ್ತಿದ್ದೆ. ಮಾಳಿಗೆಯ ತಂತಿಯಲ್ಲಿ ಸಾಲಾಗಿ ಒಣಗುತ್ತಿದ್ದ ಚಡ್ಡಿಗಳನ್ನು ಬಾಯಮ್ಮ ಅಂಗಳದಿಂದಲೇ ನೋಡಿ ಕೇಳಿದರು, "ಎಂತ ಟೀಚರ್, ಶುರು ಮಾಡಿದ್ರಾ?"

"ಹೌದು. ಈಗ ಬಿಸಿಲುಂಟಲ್ಲ."

"ಬಿಸಿಲೇನೋ ಉಂಟು. ಮಗುವಿಗೆ ಮನಸ್ಸುಂಟಾ?"

ನಾನು ನಕ್ಕು ಒಳಗೆ ಹೋದೆ.

ಮೇ ಹತ್ತಿರವಾಗುತ್ತಿದ್ದಂತೆ ಮಗಳು ಹಿಡಿದಿಟ್ಟುಕೊಳ್ಳಲು ಕಲಿತಳು. ಪಾಟಿ ಕಂಡರೆ ಕಾಲು ಬಿಗಿದು ಕರ್ಟನಿನ ಹಿಂದೆ ನಿಲ್ಲುತ್ತಿದ್ದಳು. ಎರಡು ದಿನಕ್ಕೊಮ್ಮೆ ಆಗುತ್ತಿದ್ದ ಕಕ್ಕ ಮೂರು ದಿನಕ್ಕೆ ಹೋಯಿತು, ಆಮೇಲೆ ನಾಲ್ಕು. ಡಾಕ್ಟರು ಸಿರಪ್ ಬರೆದುಕೊಟ್ಟು, ಒತ್ತಾಯ ಮಾಡಬೇಡಿ ಎಂದರು. ನಾನು ಸಿರಪ್ ಕೊಟ್ಟೆ, ಒತ್ತಾಯ ನಿಲ್ಲಿಸಲಿಲ್ಲ. ಆರನೆಯ ದಿನ ಬೆಳಿಗ್ಗೆ ಅವಳು ಹೊಟ್ಟೆ ಹಿಡಿದು ಅಳುವುದು ಕೆಳಗೂ ಕೇಳಿಸಿರಬೇಕು. ಮಂಡಿನೋವಿನ ಬಾಯಮ್ಮ ಮೆಟ್ಟಿಲು ಹತ್ತಿ ಬಂದರು. ನನ್ನನ್ನು ಏನೂ ಕೇಳದೆ ಮಗುವನ್ನು ಎತ್ತಿಕೊಂಡು ಇಳಿದರು.

ಹಿತ್ತಿಲಲ್ಲಿ ಒಂದು ಮಣೆಯ ಮೇಲೆ ಕುಳಿತು, ಎರಡೂ ಕಾಲು ನೀಡಿ, ಪಾದಗಳನ್ನು ಜೋಡಿಸಿ, ಅದರ ಮೇಲೆ ಮಗಳನ್ನು ತನ್ನ ಕಡೆ ಮುಖಮಾಡಿ ಕೂರಿಸಿಕೊಂಡರು. ಎಳೆ ಮಕ್ಕಳನ್ನು ನಮ್ಮ ಅಜ್ಜಿಯರು ಹಾಗೆಯೇ ಕೂರಿಸುತ್ತಿದ್ದದ್ದು. ಎರಡು ವರ್ಷದ ಭಾರದ ಮಗುವನ್ನು ಯಾರೂ ಕೂರಿಸುವುದಿಲ್ಲ. ಅವಳ ಎರಡೂ ಕೈ ಹಿಡಿದು, ಗೋಡೆಯ ಮೇಲಿನ ಕಾಗೆಯನ್ನು ಬೈಯತೊಡಗಿದರು. "ನೋಡು ಬಾಯೆ, ಅದು ನನ್ನ ಬಂಗುಡೆ ಮೀನು ಕದ್ದದ್ದು. ಕಳ್ಳ! ಎಂತ ಮುಖ ಅದರದ್ದು!" ಮಗಳು ಬಿಕ್ಕುತ್ತಲೇ ಕಾಗೆಯನ್ನು ನೋಡಿದಳು. ಎಷ್ಟು ಹೊತ್ತಾಯಿತೋ... ನಾನು ಬಾಗಿಲಲ್ಲಿ ನಿಂತಿದ್ದೆ, ಮೊದಲ ಸಲ ಗಡಿಯಾರ ನೋಡದೆ. ಕೊನೆಗೆ ಆಯಿತು. ಬಾಯಮ್ಮನ ಕಾಲೆಲ್ಲ ಹೊಲಸಾಯಿತು.

"ಅಬ್ಬಾ, ಬಂದರಿಗೆ ಹಡಗು ಬಂತು," ಎಂದು ನಗತೊಡಗಿದರು. ಕಾಲು ತೊಳೆದುಕೊಳ್ಳುತ್ತ ಹೇಳಿದರು, "ಕುವೈತಿನಲ್ಲಿ ಆಯಾ ಕೆಲಸಕ್ಕಿದ್ದಾಗ ನಾಲ್ಕು ಮನೆ, ಏಳು ಮಕ್ಕಳು ಟೀಚರ್. ಎಲ್ಲ ಪ್ಲಾಸ್ಟಿಕ್ ಪಾಟಿ, ಮೇಡಮ್ಮನ ಟೈಮು. ಹೀಗೆ ಕಾಲಿನ ಮೇಲೆ ಕೂರಿಸಿದ್ದು ನಾನು ಇದೇ ಫಸ್ಟು."

ಅಂದೇ ಅವರು ತೀರ್ಪು ಕೊಟ್ಟರು. ಇನ್ನು ಮಳೆ ಹಿಡಿಯುತ್ತದೆ, ಮಳೆಗಾಲದಲ್ಲಿ ಚಡ್ಡಿ ಒಣಗುವುದಿಲ್ಲ, ಮಕ್ಕಳಿಗೆ ಚಳಿಗೆ ಪದೇಪದೇ ಉಚ್ಚೆ ಬರುತ್ತದೆ. ಡೈಪರ್ ಇರಲಿ. "ಮೊಂತಿ ಫೆಸ್ತ್ ಆಗ್ಲಿ, ಮಳೆ ಕಡಿಮೆ ಆಗ್ಲಿ. ಅಷ್ಟರವರೆಗೆ ನನ್ನ ಹತ್ರ ಬಿಟ್ಟು ನೀವು ಕಾಲೇಜಿಗೆ ಹೋಗಿ." ಮೊಂತಿ ಫೆಸ್ತ್ ಎಂದರೆ ಸೆಪ್ಟೆಂಬರಿನಲ್ಲಿ ಅವರ ಮಾತೆ ಮರಿಯಳ ಹಬ್ಬ, ಚರ್ಚಿನಲ್ಲಿ ಮಕ್ಕಳು ಮಾತೆಗೆ ಹೂ ಹಾಕುತ್ತಾರೆ, ಮನೆಯಲ್ಲಿ ಹೊಸ ಅಕ್ಕಿಯ ಊಟ. ಯಾರ ಹಂಗಿಗೂ ಬೀಳಬಾರದೆಂಬುದು ನನ್ನ ಸ್ವಭಾವ. ಆದರೂ ಒಪ್ಪಿದೆ. ಬೇರೆ ದಾರಿ ಇರಲಿಲ್ಲ.

ಆ ಮಳೆಗಾಲ ಮಗಳು ಬಾಯಮ್ಮನ ಸೆರಗಿನಲ್ಲೇ ಬೆಳೆದಳು. ಪಣಂಬೂರು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಅವರ ಮಗ ಪಾಳಿ ಮುಗಿಸಿ ಬಂದು ಮಲಗಿದರೆ, ಇಬ್ಬರೂ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದರಂತೆ. ಸಂಜೆ ನಾನು ಬರುವಾಗ ಮಗಳು ಮುಖ ತೊಳೆದು, ಹೊಸ ಡೈಪರ್ ತೊಟ್ಟು ತಯಾರಾಗಿರುತ್ತಿದ್ದಳು. ಭಾನುವಾರ ಮನೆಯಲ್ಲಿ ಡೈಪರ್ ಕಿತ್ತು ಎಸೆಯುತ್ತಿದ್ದಳು. ಮೊಂತಿ ಫೆಸ್ತ್ ಆಗಲಿ ಎಂದು ನಾನು ಮತ್ತೆ ತೊಡಿಸುತ್ತಿದ್ದೆ. ನೋಟ್‌ಬುಕ್ ಮುಚ್ಚಿಟ್ಟಿದ್ದೆನಲ್ಲ, ಅದನ್ನು ಲಕ್ಷಣವೆಂದು ಬರೆದುಕೊಳ್ಳಲಿಲ್ಲ.

ಆಗಸ್ಟ್ ಕೊನೆಯಲ್ಲಿ ಒಂದು ದಿನ ಮಳೆ ಜೋರಾಗಿ, ಮಧ್ಯಾಹ್ನವೇ ಕಾಲೇಜಿಗೆ ರಜೆ ಕೊಟ್ಟರು. ಕೊಡೆ ಮಡಚಿ ನೇರ ಬಾಯಮ್ಮನ ಅಡುಗೆಮನೆಗೆ ಹೋದೆ. ಮೇಜಿನ ಮೇಲೆ ಕಂಬಳಿ ಹಾಸಿ ಅವರು ಇಸ್ತ್ರಿ ಮಾಡುತ್ತಿದ್ದರು. ಹಳೆಯ ಬೆಡ್‌ಶೀಟಿನಿಂದ ಹೊಲಿದ ಪುಟ್ಟ ಬಿಳಿ ಚಡ್ಡಿಗಳು, ಒಂದರ ಮೇಲೊಂದು. ಹಬೆಯ ವಾಸನೆ. ಬಚ್ಚಲಿನಿಂದ ಮಗಳು ತಾನೇ ಚಡ್ಡಿ ಏರಿಸಿಕೊಳ್ಳುತ್ತ ಹೊರಗೆ ಬಂದಳು. ನನ್ನನ್ನು ಕಂಡವಳೇ "ಅಮ್ಮ ಬಂತು!" ಎಂದು ಕೋಣೆಗೆ ಓಡಿ ಒಂದು ಡೈಪರ್ ತಂದು ಬಾಯಮ್ಮನ ಕೈಗೆ ಕೊಟ್ಟಳು. ಅಮ್ಮ ಬಂದರೆ ಡೈಪರ್ ಹಾಕಬೇಕು, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಸ್ವಲ್ಪ ದಿನ ಆಯ್ತು ಟೀಚರ್."

"ನನಗೆ ಯಾಕೆ ಹೇಳಲಿಲ್ಲ?"

ಅವರು ಇಸ್ತ್ರಿಪೆಟ್ಟಿಗೆಯನ್ನೇ ನೋಡುತ್ತಿದ್ದರು. "ಮಳೆ ಅಲ್ವಾ... ಶಾಲೆಯಲ್ಲಿ ಚಡ್ಡಿ ಒಣಗಿಸ್ಲಿಕ್ಕೆ ಯಾರಿದ್ದಾರೆ?" ಆಮೇಲೆ, ಒಂದು ಚಡ್ಡಿಯನ್ನು ಮಡಚಿಡುತ್ತ ಹೇಳಿದರು. "ನನ್ನ ಮಗ ಆರು ತಿಂಗಳಿನವ ಇದ್ದಾಗ ನಾನು ಕುವೈತಿಗೆ ಹೋದದ್ದು. ಮೂರು ವರ್ಷ ಕಳೆದು ರಜೆಗೆ ಬಂದ್ರೆ ಅವ ತನ್ನಷ್ಟಕ್ಕೆ ಹೋಗಿ ಬರ್ತಾನೆ. ಯಾವಾಗ ಕಲಿತ ಅಂತ ಅಮ್ಮನ ಹತ್ರ ಕೇಳಿದೆ. ಅವರಿಗೂ ನೆನಪಿಲ್ಲ. ನಾನು ಕಲಿಸಿದ್ದೆಲ್ಲ ಬೇರೆಯವರ ಮಕ್ಕಳಿಗೆ. ಕಲಿತ ಕೂಡ್ಲೆ ಅವು ಶಾಲೆಗೆ, ನಾನು ಬೇರೆ ಮನೆಗೆ. ಇವಳನ್ನು ಮೊಂತಿ ಫೆಸ್ತಿಗೆ ಹೂ ಹಾಕ್ಲಿಕ್ಕೆ ಇಗರ್ಜಿಗೆ ಕರ್ಕೊಂಡು ಹೋಗುವ ಅಂತ ಇತ್ತು. ಹಬ್ಬ ಆದ ಮೇಲೆ ನಾನೇ ಹೇಳ್ತಿದ್ದೆ."

ನಾನು ದನಿ ಏರಿಸುವವಳಲ್ಲ. ಮೆಲ್ಲಗೇ ಹೇಳಿದೆ, "ಇವಳೂ ಬೇರೆಯವರ ಮಗುವೇ ಬಾಯಮ್ಮ."

"ಹೌದು," ಎಂದು ಅವರು ಇಸ್ತ್ರಿಯ ಸ್ವಿಚ್ ಆರಿಸಿದರು.

ಸೋಮವಾರದಿಂದ ಮಗಳು ಪ್ಲೇಸ್ಕೂಲಿಗೆ ಹೋದಳು. ಹಬ್ಬಕ್ಕೆ ಒಂದು ವಾರವೂ ಉಳಿದಿರಲಿಲ್ಲ. ಇಸ್ತ್ರಿ ಮಾಡಿದ ಹನ್ನೆರಡು ಚಡ್ಡಿಗಳನ್ನು ಬಾಯಮ್ಮ ಒಂದು ಚೀಲದಲ್ಲಿ ಹಾಕಿ ಮಗನ ಕೈಯಲ್ಲಿ ಮೇಲೆ ಕಳಿಸಿದರು. ಹಬ್ಬದ ದಿನ ಹೊಸ ಅಕ್ಕಿಯ ಪಾಯಸವೂ ಬಂತು. ನಾವು ಮಾತು ಬಿಡಲಿಲ್ಲ. ಮಳೆ, ನೀರು, ಗೇಟಿನ ಬೀಗ... ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದೆವು. ಮುಂದೆ ನಾವು ಸ್ವಂತ ಫ್ಲ್ಯಾಟಿಗೆ ಬಂದೆವು. ಕಳೆದ ವರ್ಷ ಅವರು ತೀರಿಕೊಂಡರು. ಹೋಗಿ, ಅವರ ಮಗನ ಕೈ ಹಿಡಿದು ಬಂದೆ.

ಅಂದು ನನಗೆ ಮೋಸ ಹೋದೆನೆಂಬ ಸಿಟ್ಟು. ಆದರೆ ಈಗ ಯೋಚಿಸಿದರೆ, ಮಗುವಿಗೆ ಹೊಟ್ಟೆನೋವಿಲ್ಲದೆ, ಹೆದರಿಕೆಯಿಲ್ಲದೆ, ತಾನಾಗಿ ಕಲಿಯುವ ಕಾಲ ಕೊಟ್ಟವರು ಅವರೇ. ಬದಲಿಗೆ ಅವರು ತಮಗೆಂದು ಇಟ್ಟುಕೊಂಡದ್ದು ಅವಳ ಜೊತೆಗಿನ ಕೆಲವು ವಾರ ಮಾತ್ರ.

ಮೊನ್ನೆ ಮಗನನ್ನು ಡಾಕ್ಟರಿಗೆ ತೋರಿಸಲು ಹೋಗಿದ್ದೆ. ಅವನಿಗೆ ಎರಡು ತುಂಬುತ್ತಿದೆ, ಯಾವಾಗ ಶುರು ಮಾಡಲಿ ಎಂದು ಕೇಳಿದೆ. "ಅಕ್ಕ ಯಾವಾಗ ಕಲಿತದ್ದು?" ಎಂದು ಅವರು ತಿರುಗಿ ಕೇಳಿದರು. ಆಗಸ್ಟ್ ಎಂದೆ. ಆಗಸ್ಟ್‌ನಲ್ಲಿ ಯಾವ ದಿನ, ಮಗಳು ಮೊದಲು ಏನು ಹೇಳಿದಳು, ಬಾಯಮ್ಮ ಎಷ್ಟು ನಕ್ಕಿರಬಹುದು, ಯಾವುದೂ ನನಗೆ ಗೊತ್ತಿಲ್ಲ. ಅದನ್ನು ಕಂಡವರು ಅವರೊಬ್ಬರೇ. ಅಡುಗೆಮನೆಯ ಆ ಮಾತಾದ ಮೇಲೂ ಒಂದೂವರೆ ವರ್ಷ ನಾನು ಅದೇ ಮಾಳಿಗೆಯಲ್ಲಿದ್ದೆ. ಇಳಿದು ಹೋಗಿ ಕೇಳಲು ಇದ್ದದ್ದು ಹದಿನಾಲ್ಕು ಮೆಟ್ಟಿಲು.